ಒಂದೇ ಜಗತಿ, ಎರಡು ಗರ್ಭಗುಡಿ



ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತಿದ್ದ ಕಾಲವೊಂದಿತ್ತು. ಒಂದು ಸಾಲು ವಿಂಡೋಸ್ 98, ಇನ್ನೊಂದು ವಿಂಡೋಸ್ ಎಕ್ಸ್‌ಪಿ. ಬಾಣದ ಗುರುತಿನ ಕೀಲಿಯಿಂದ ಬೇಕಾದ್ದನ್ನು ಆರಿಸಿ ಎಂಟರ್ ಒತ್ತಬೇಕು. ಸುಮ್ಮನೆ ಬಿಟ್ಟರೆ 30 ಸೆಕೆಂಡು ಕಾದು, ಮೊದಲೇ ಗೊತ್ತುಮಾಡಿದ್ದು ತಾನೇ ತೆರೆದುಕೊಳ್ಳುತ್ತಿತ್ತು. ಹೊಸದು ಬಂದ ಮೇಲೂ ಹಳೆಯದನ್ನು ಯಾಕೆ ಉಳಿಸಿಕೊಂಡರು, ಒಂದು ಹಾರ್ಡ್ ಡಿಸ್ಕಿನಲ್ಲಿ ಎರಡಕ್ಕೂ ಜಾಗ ಹೇಗಾಯಿತು ಎನ್ನುವುದೇ ಇವತ್ತಿನ ಮಾತು.

1983ರ ಮಾರ್ಚ್ ತಿಂಗಳಲ್ಲಿ ಐಬಿಎಂ ಕಂಪನಿ ಪಿಸಿ ಎಕ್ಸ್‌ಟಿ ಎಂಬ ಯಂತ್ರವನ್ನು ಹೊರತಂದಿತು. ಅದರೊಳಗೆ 10 ಎಂಬಿಯ ಹಾರ್ಡ್ ಡಿಸ್ಕ್. ಇವತ್ತು ಫೋನಿನಲ್ಲಿ ತೆಗೆದ ಕೆಲವೇ ಫೋಟೋಗಳಿಗೂ ಅಷ್ಟು ಜಾಗ ಸಾಲದು. ಆ ಯಂತ್ರದ ಜೊತೆಗೆ ಬಂದದ್ದು ಡಾಸ್ 2.0 ಎಂಬ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್ ಎಂಬ ಸಣ್ಣ ಪ್ರೋಗ್ರಾಂ. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟಿನದು. ಅದರಲ್ಲಿ 64 ಬೈಟನ್ನು ಒಂದು ಪಟ್ಟಿಗೆ ಮೀಸಲಿಟ್ಟರು: ನಾಲ್ಕು ಸಾಲು, ಸಾಲಿಗೆ 16 ಬೈಟು. ಡಿಸ್ಕಿನ ಒಂದು ಭಾಗ, ಅಂದರೆ ಪಾರ್ಟಿಷನ್, ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆಯದು, ಯಂತ್ರ ಏಳುವಾಗ ಇಲ್ಲಿಗೇ ಬರಬೇಕೆ ಎಂಬಿಷ್ಟು ವಿವರ ಪ್ರತಿ ಸಾಲಿನಲ್ಲೂ ಇರುತ್ತದೆ.

ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಸಿ ಡ್ರೈವಿನಲ್ಲಿ ವಿಂಡೋಸ್, ಡಿ ಡ್ರೈವಿನಲ್ಲಿ ನಮ್ಮ ಫೈಲು ಎಂದು ಹಂಚಿಕೊಳ್ಳಲೆಂದೇ ಪಾರ್ಟಿಷನ್ ಬಂತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಡಾಸ್ 2.0ರ ಎಫ್‌ಡಿಸ್ಕ್ ಡಾಸ್‌ಗೆಂದು ಮಾಡಿಕೊಡುತ್ತಿದ್ದದ್ದು ಒಂದೇ ಪಾರ್ಟಿಷನ್. ಉಳಿದ ಸಾಲುಗಳು ಸಿಪಿಎಂ-86ನಂಥ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಿಗೆ. ಅಂದರೆ ಒಂದೇ ಡಿಸ್ಕನ್ನು ಇಬ್ಬರು ಹಂಚಿಕೊಳ್ಳಲಿ ಎಂಬ ಆಲೋಚನೆಯಿಂದಲೇ ಈ ಪಟ್ಟಿ ಹುಟ್ಟಿತು. ಡಾಸ್ ತನಗಾಗಿಯೇ ಡಿಸ್ಕನ್ನು ಹೋಳು ಮಾಡಿಕೊಂಡದ್ದು ಆಮೇಲೆ, 1987ರ ಡಾಸ್ 3.3ರಲ್ಲಿ. ಅದೂ 32 ಎಂಬಿಗಿಂತ ದೊಡ್ಡ ಪಾರ್ಟಿಷನ್ ನಿಭಾಯಿಸಲು ಅದಕ್ಕೆ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೆನಪಿಸಿಕೊಳ್ಳಿ. ಹನ್ನೆರಡನೇ ಶತಮಾನದ ಆ ಗುಡಿಯಲ್ಲಿ ಜಗತಿ ಒಂದೇ, ಗರ್ಭಗುಡಿ ಎರಡು: ಒಂದು ಹೊಯ್ಸಳೇಶ್ವರನದು, ಇನ್ನೊಂದು ಶಾಂತಲೇಶ್ವರನದು. ಎರಡಕ್ಕೂ ಎದುರಿಗೆ ಅದರದರ ನಂದಿಮಂಟಪ, ನಡುವೆ ಎರಡನ್ನೂ ಕೂಡಿಸುವ ಪಡಸಾಲೆ. ಪಾರ್ಟಿಷನ್ ಮಾಡಿದ ಡಿಸ್ಕಿನ ವಿನ್ಯಾಸವೂ ಇದೇ. ವ್ಯತ್ಯಾಸ ಇಷ್ಟೆ: ಗುಡಿಯಲ್ಲಿ ಎರಡೂ ಕಡೆ ಒಟ್ಟಿಗೆ ದೀಪ ಹಚ್ಚಬಹುದು, ಎರಡು ಸಿಸ್ಟಮ್ ಇಟ್ಟುಕೊಂಡ ಡ್ಯುಯಲ್ ಬೂಟ್ ಯಂತ್ರದಲ್ಲಿ ಒಮ್ಮೆಗೆ ಒಂದೇ ಕಡೆ.

ಈಗ ನಮ್ಮ ಡಿಟಿಪಿಯವರ ವಿಷಯ. ಜಾತ್ರೆಯ ಕರಪತ್ರ, ಲಗ್ನಪತ್ರಿಕೆ, ಚನ್ನಕೇಶವನ ರಥೋತ್ಸವದ ಆಹ್ವಾನ, ಸ್ಥಳಪುರಾಣದ ಪುಸ್ತಿಕೆ, ಎಲ್ಲವೂ ತಯಾರಾಗುತ್ತಿದ್ದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ. ಅಕ್ಷರಕ್ಕೆ ಶ್ರೀಲಿಪಿ, ಬರಹ ಅಥವಾ ನುಡಿ. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದರು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ನುಡಿಯನ್ನು ರೂಪಿಸಿತು. ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾಯರ ಚಿಂತನೆಯಿಂದ ಬಂದದ್ದು. ವಿಂಡೋಸ್ 98ಕ್ಕೆ ಕನ್ನಡವೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ನಮ್ಮ ತಲೆಕಟ್ಟು, ಗುಣಿತ, ಒತ್ತುಗಳ ತುಣುಕುಗಳನ್ನು ಕೂರಿಸಿ ಈ ತಂತ್ರಾಂಶಗಳು ಕೆಲಸ ನಡೆಸಿದವು. ನಮ್ಮವರ ಜಾಣತನ ಅದು, ನನಗೆ ಈಗಲೂ ಅದರ ಮೇಲೆ ಅಪಾರ ಗೌರವ. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಆ ಫೈಲು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ.

ಲಿಪಿಗಳಿಗೆಲ್ಲ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಅದು ಕಾಣಿಸಿಕೊಂಡದ್ದು 2001ರಲ್ಲಿ, ಎಕ್ಸ್‌ಪಿಯ ಜೊತೆಗೆ ಬಂದ ತುಂಗಾ ಫಾಂಟಿನ ಮೂಲಕ. ನಮ್ಮ ನದಿಯ ಹೆಸರನ್ನು ಹೊತ್ತ ಆ ಫಾಂಟಿನಲ್ಲಿ ಮೊದಲ ಸಲ ಕನ್ನಡ ಮೂಡಿದಾಗ ಸಂತೋಷಪಡದವರು ಯಾರು! ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಜೊತೆಗೆ ಹಳೆಯ ಪ್ರಿಂಟರು, ಸ್ಕ್ಯಾನರುಗಳಿಗೆ ಎಷ್ಟೋ ಸಲ ಎಕ್ಸ್‌ಪಿಯ ಡ್ರೈವರ್ ಸಿಗುತ್ತಿರಲಿಲ್ಲ. ಹೀಗಾಗಿ ಇಂಟರ್ನೆಟ್ಟಿಗೆ ಎಕ್ಸ್‌ಪಿ, ಹಳೆಯ ಕೆಲಸಕ್ಕೆ 98. ಎರಡೂ ಬೇಕಾದವು.

ಎರಡನ್ನೂ ಒಂದೇ ಯಂತ್ರಕ್ಕೆ ಹಾಕುವ ಕ್ರಮ ಹೀಗೆ. ಮೊದಲು ಹಳೆಯದನ್ನು ಹಾಕಬೇಕು, ಆಮೇಲೆ ಹೊಸದನ್ನು. ಹಳೆಯದಕ್ಕೆ ತನ್ನ ನಂತರ ಹುಟ್ಟಿದ್ದರ ಪರಿಚಯವಿಲ್ಲ, ಅದು ಯಂತ್ರ ಏಳುವಾಗ ಓದುವ ಬೂಟ್ ಸೆಕ್ಟರಿನ ಮೇಲೆ ತನ್ನದನ್ನೇ ಬರೆದುಬಿಡುತ್ತದೆ. ಎಕ್ಸ್‌ಪಿಗೆ 98ರ ಗುರುತು ಉಂಟು. ಹಳೆಯ ಬೂಟ್ ಸೆಕ್ಟರನ್ನು ಬೇರೆ ಫೈಲಾಗಿ ತೆಗೆದಿಟ್ಟು, ಬೂಟ್.ಐಎನ್‌ಐ ಎಂಬ ಫೈಲಿನಲ್ಲಿ ಎರಡರ ಹೆಸರನ್ನೂ ಬರೆದುಕೊಳ್ಳುತ್ತದೆ. ನಾನು ಆಗಲೇ ಹೇಳಿದ ಎರಡು ಸಾಲು ಬರುವುದು ಅಲ್ಲಿಂದಲೇ. ಕ್ರಮ ತಪ್ಪಿ 98ನ್ನು ಆಮೇಲೆ ಹಾಕಿದರೆ ಎಕ್ಸ್‌ಪಿ ಏಳುವುದಿಲ್ಲ. ಫೈಲುಗಳೇನೂ ಅಳಿದಿರುವುದಿಲ್ಲ, ದಾರಿ ಮಾತ್ರ ತಪ್ಪಿರುತ್ತದೆ. ಎಕ್ಸ್‌ಪಿ ಸಿಡಿಯ ರಿಕವರಿ ಕನ್ಸೋಲ್‌ನಿಂದ ಅದನ್ನು ಸರಿಪಡಿಸಬಹುದು. ಇದು ಗೊತ್ತಿಲ್ಲದೆ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವರ್ಷಗಳ ಕೆಲಸ ಕಳೆದುಕೊಂಡವರನ್ನು ನೆನೆದರೆ ಸಂಕಟವಾಗುತ್ತದೆ.

98 ಇರುವ ಭಾಗವನ್ನು ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯಲ್ಲೇ ಇಡಬೇಕು. ಎಕ್ಸ್‌ಪಿ ಬಯಸುವ ಎನ್‌ಟಿಎಫ್‌ಎಸ್ ಭಾಗ 98ರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ತಿಳಿದವರು ಮೂರನೆಯ ಭಾಗವೊಂದನ್ನು ಫ್ಯಾಟ್32ನಲ್ಲಿ ಮಾಡಿ, ಕನ್ನಡದ ಫೈಲುಗಳನ್ನೆಲ್ಲ ಅಲ್ಲಿಡುತ್ತಿದ್ದರು. ಹಳೇಬೀಡಿನ ಗುಡಿಯ ನಡುವಣ ಪಡಸಾಲೆಯಂತೆ ಅಲ್ಲಿಗೆ ಎರಡೂ ಕಡೆಯಿಂದ ಬರಬಹುದು. ಇನ್ನೆರಡು ಎಚ್ಚರಿಕೆ: ಮೆಮೊರಿ 512 ಎಂಬಿ ದಾಟಿದರೆ 98 ತಡವರಿಸುತ್ತದೆ, ಡಿಸ್ಕು 137 ಜಿಬಿ ದಾಟಿದರೆ ಬರೆದದ್ದೇ ಕೆಡಬಹುದು.

ಲಿನಕ್ಸ್ ಹಾಕಿಕೊಂಡವರಿಗೆ ಮೊದಲು ಲಿಲೋ, ನಂತರ ಗ್ರಬ್ ಎಂಬ ಬೂಟ್ ಲೋಡರುಗಳು ಬೇಕಾದ್ದನ್ನು ಆರಿಸಿ ತೆರೆಯುವ ಇದೇ ಕೆಲಸವನ್ನು ಇನ್ನೂ ಉದಾರವಾಗಿ ಮಾಡಿಕೊಟ್ಟವು.

ಮೈಕ್ರೋಸಾಫ್ಟ್ 98ರ ಬೆಂಬಲವನ್ನು 2006ರಲ್ಲಿ, ಎಕ್ಸ್‌ಪಿಯದನ್ನು 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ನಾಲ್ಕು ಸಾಲಿನ ಪಟ್ಟಿಯ ಜಾಗಕ್ಕೆ 128 ಸಾಲಿನ ಜಿಪಿಟಿ ಬಂತು, ಯಂತ್ರವನ್ನು ಎಬ್ಬಿಸುವ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ. ಬಯಾಸ್ ಬಿಟ್ಟುಕೊಟ್ಟ ಈ ಹೊಸ ಯಂತ್ರಗಳಲ್ಲಿ 98 ನೇರವಾಗಿ ಏಳುವುದೇ ಇಲ್ಲ. ಬೇಕೆಂದರೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಅದನ್ನು ಕೂರಿಸಬೇಕು.

ಹಳೆಯ ಡಿಟಿಪಿ ಯಂತ್ರವನ್ನು ಗುಜರಿಗೆ ಹಾಕಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಆ ಡಿಸ್ಕಿನ ಪೂರ್ತಿ ಇಮೇಜಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಫಾಂಟುಗಳ ಫೋಲ್ಡರನ್ನು ಬಿಡಬೇಡಿ, ಅದಿಲ್ಲದೆ ಫೈಲು ಓದಲಾಗದು. ಆಮೇಲೆ 98ಕ್ಕೆ ಹೋಗಿ, ಪೇಜ್‌ಮೇಕರ್‌ನಲ್ಲಿ ಫೈಲನ್ನು ತೆರೆದು, ಪಠ್ಯವನ್ನು ಹೊರತೆಗೆಯಿರಿ. ಬರಹ, ನುಡಿ ಎರಡರ ಜೊತೆಗೂ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವಿದೆ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಹೆಚ್ಚುಕಡಿಮೆಯಾಗುತ್ತವೆ, ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಸ್ಥಳಪುರಾಣದ ಪುಸ್ತಿಕೆಗಳಿಂದಲೇ ಶುರುಮಾಡಿ. ಲಗ್ನಪತ್ರಿಕೆಗಳು ಆಮೇಲಾದರೂ ಆದೀತು.