ಮಕ್ಕಳ ಕೈಯ ಚಿತ್ರಕಥೆ: ಹರಿಯುವ ಮೊದಲು ಕೇಳಿರಿ
(ಸಂಘದ ಉಚಿತ ವಾಚನಾಲಯದಲ್ಲಿ ಪಾಲಕರ ಮುಂದೆ ಮಾಡಿದ ಭಾಷಣ)



ಹೊಡೆತ, ಬಡಿತ, ಕೊಲೆ ತುಂಬಿದ ಚಿತ್ರಕಥೆಗಳನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬುದು ಈ ಹೊತ್ತಿನ ವಿಷಯ. ನಾವು ಪಂಡಿತರಲ್ಲ, ಮನಃಶಾಸ್ತ್ರ ಓದಿದವರೂ ಅಲ್ಲ. ಮಕ್ಕಳಿಗೆ ಪುಸ್ತಕ ಎತ್ತಿಕೊಟ್ಟು, ಮರಳಿ ಬಂದಾಗ ಕಪಾಟಿನಲ್ಲಿಡುವವರು. ಅಷ್ಟರ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇವೆ.

ಹೈದರಾಬಾದಿನ ಕನ್ನಡಿಗರಿಗೆ ಈ ಪ್ರಶ್ನೆಯಲ್ಲಿ ಒಂದು ಹೆಚ್ಚಿನ ತೊಡಕುಂಟು. ಭಾನುವಾರ ಆಬಿಡ್ಸ್‌ನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಹುಡುಗರು ಅಲ್ಲಿಂದ ಹಿಂದಿಯದೋ ಇಂಗ್ಲಿಷಿನದೋ ಚಿತ್ರಕಥೆ ತರುತ್ತಾರೆ. ಈಗಂತೂ ಜಪಾನಿನ ಚಿತ್ರಕಥೆಗಳು ಇಂಗ್ಲಿಷಿನಲ್ಲಿ ಮೊಬೈಲಿಗೇ ಬರುತ್ತವೆ. ಬೀದರಿನಿಂದಲೋ ರಾಯಚೂರಿನಿಂದಲೋ ಹೊಟ್ಟೆಪಾಡಿಗೆ ಬಂದ ಅಪ್ಪನಿಗೆ ಕನ್ನಡ ಬಿಟ್ಟರೆ ಬೇರೆ ಓದು ಅಷ್ಟಾಗಿ ಬಾರದು. ಅವನಿಗೆ ಕಾಣುವುದು ಚಿತ್ರ ಮಾತ್ರ: ಒಬ್ಬನ ಕೈಯಲ್ಲಿ ಚೂರಿ, ಇನ್ನೊಬ್ಬನ ಮೈಯೆಲ್ಲ ರಕ್ತ. ಕೆಲವರು ಕಸಿದು ಹರಿದುಹಾಕುತ್ತಾರೆ. ಕೆಲವರು "ಏನೋ ಓದುತ್ತಾನಲ್ಲ, ಸಾಕು" ಎಂದು ಸುಮ್ಮನಾಗುತ್ತಾರೆ. ಎರಡೂ ವಿಚಾರಿಸದೆ ಕೊಟ್ಟ ತೀರ್ಪುಗಳೇ.

ಈ ಆತಂಕ ಹೊಸದಲ್ಲ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಎಂಬವರು, ಚಿತ್ರಕಥೆಗಳು ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತವೆ ಎಂದು ದೊಡ್ಡ ಪುಸ್ತಕವನ್ನೇ ಬರೆದರು. ಅಲ್ಲಿಯ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. 1955ರಲ್ಲಿ ಬ್ರಿಟನ್ ಕಾನೂನು ಮಾಡಿತು. 1956ರಲ್ಲಿ ನಮ್ಮ ಸಂಸತ್ತೂ ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯಗಳನ್ನು ತೋರಿಸಿ 20 ವರ್ಷದೊಳಗಿನವರನ್ನು ಕೆಡಿಸುವಂಥ ಪುಸ್ತಕವನ್ನು ಮಾರಿದವನಿಗೆ 6 ತಿಂಗಳವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಆದರೆ ಆ ಕಾನೂನಿನಲ್ಲೂ ಒಂದು ವಿವೇಕದ ಮಾತಿದೆ: ಪುಸ್ತಕವನ್ನು ಒಟ್ಟಾರೆಯಾಗಿ ನೋಡಬೇಕು. ಒಂದು ಪುಟ ನೋಡಿ ತೀರ್ಮಾನ ಮಾಡುವಂತಿಲ್ಲ. ಸರಕಾರಕ್ಕೆ ಇರುವ ಈ ಕಟ್ಟಳೆ ಮನೆಯ ಯಜಮಾನನಿಗೂ ಇರಬೇಡವೇ?

ವರ್ಥಮರ ಕಥೆಗೆ ಇನ್ನೂ ಒಂದು ಅಧ್ಯಾಯವಿದೆ. ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಅವರ ಕಾಗದಪತ್ರಗಳನ್ನು ಪರಿಶೀಲಿಸಿ, ಮಕ್ಕಳು ಹೇಳಿದ ಮಾತುಗಳನ್ನು ಅವರು ಹಲವೆಡೆ ತಿದ್ದಿದ್ದರು, ಅನುಕೂಲವಿಲ್ಲದ ಸಂಗತಿಗಳನ್ನು ಬಿಟ್ಟಿದ್ದರು ಎಂದು 2012ರಲ್ಲಿ ತೋರಿಸಿಕೊಟ್ಟರು. ಹಾಗೆಂದು ಎಲ್ಲ ಚಿತ್ರಕಥೆಗಳೂ ನಿರ್ದೋಷಿಗಳೆಂದು ಅರ್ಥವಲ್ಲ. ಮಗು ಹೇಳಿದ್ದನ್ನು ಇದ್ದಂತೆ ಕೇಳಬೇಕು, ಇಷ್ಟೇ ಅದರ ಪಾಠ.

ಇನ್ನು ನಮ್ಮ ಕಥೆಗಳನ್ನೇ ನೋಡಿರಿ. ರನ್ನನ ಗದಾಯುದ್ಧದಲ್ಲಿ ಭೀಮ ದುರ್ಯೋಧನನ ತೊಡೆ ಮುರಿಯುತ್ತಾನೆ. ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಾನೆ. ಊರ ಬಯಲಾಟದಲ್ಲಿ ರಾಕ್ಷಸವಧೆ ನೋಡಲು ರಾತ್ರಿಯಿಡೀ ಕುಳಿತ ಜನ ನಾವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯಲ್ಲಿಯೂ ಯುದ್ಧಗಳೇನು ಕಡಿಮೆಯೇ? ರಕ್ತ ಕಂಡಲ್ಲೆಲ್ಲ ಬೀಗ ಹಾಕುವುದಾದರೆ ಮೊದಲು ಭಾರತಕ್ಕೇ ಬೀಗ ಬೀಳಬೇಕು.

ಆದರೆ ಭಾರತದಲ್ಲಿ ಯುದ್ಧ ಮುಗಿದ ಮೇಲೆ ಸ್ತ್ರೀಪರ್ವ ಬರುತ್ತದೆ. ಗಾಂಧಾರಿ ರಣಭೂಮಿಯಲ್ಲಿ ನಿಂತು ಸತ್ತವರಿಗಾಗಿ ಅಳುತ್ತಾಳೆ. ಗೆದ್ದವರೂ ತಲೆತಗ್ಗಿಸುತ್ತಾರೆ. ಒಳ್ಳೆಯ ಕಥೆಗೂ ಕೆಟ್ಟ ಕಥೆಗೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ. ಕೆಟ್ಟ ಕಥೆಯಲ್ಲಿ ಜನ ಸೊಳ್ಳೆಗಳಂತೆ ಸಾಯುತ್ತಾರೆ, ಅಳುವವರು ಯಾರೂ ಇರುವುದಿಲ್ಲ, ಕೊಂದವನು ನಗುತ್ತಾನೆ. ಇನ್ನೊಂದನ್ನೂ ನೋಡಿರಿ: ಏಟು ತಿನ್ನುವವನು ಯಾವಾಗಲೂ ಕಪ್ಪು ಬಣ್ಣದವನೇ, ಬಡವನೇ? ಅಮರ ಚಿತ್ರಕಥೆಯ ಮೇಲೂ, ರಾಕ್ಷಸರನ್ನು ಕಪ್ಪಾಗಿ ಬರೆದರೆಂದು ವಿಮರ್ಶಕರು ಆಕ್ಷೇಪ ಎತ್ತಿದ್ದಾರೆ. ಬಿಸಿಲಲ್ಲಿ ದುಡಿಯುವವರ ಮಕ್ಕಳಾದ ನಮ್ಮ ಮಕ್ಕಳು ಆ ಪುಟದಲ್ಲಿ ತಮ್ಮನ್ನು ಯಾವ ಕಡೆ ಕಾಣಬೇಕು?

ಓದಲು ಬಾರದ ಪುಸ್ತಕವನ್ನು ಅಳೆಯುವುದು ಹೇಗೆಂದು ಕೇಳುವಿರಿ. ಉಪಾಯ ಸುಲಭ. ರಾತ್ರಿ ಊಟವಾದ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕಥೆ ಕನ್ನಡದಲ್ಲಿ ಹೇಳಪ್ಪ, ಹೇಳಮ್ಮ" ಎನ್ನಿರಿ. ನಡುವೆ ಮೂರು ಪ್ರಶ್ನೆ ಕೇಳಿರಿ: ಇವನು ಅವನನ್ನು ಏಕೆ ಹೊಡೆದ? ಏಟು ಬಿದ್ದವನಿಗೆ ಏನಾಯಿತು? ಅವನ ಮನೆಯವರು ಏನು ಮಾಡಿದರು? ಮಗು ಯೋಚಿಸಿ ಉತ್ತರ ಹೇಳಿದರೆ ಚಿಂತೆ ಬೇಡ. ತಲೆ ಹಾರಿದ್ದನ್ನಷ್ಟೇ ಹೇಳಿ ಕೇಕೆ ಹಾಕಿದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿರಿ. ರಾತ್ರಿ ಬೆಚ್ಚಿ ಏಳುತ್ತಿದ್ದರೆ, ತಂಗಿಯ ಮೇಲೆ ಅದೇ ಹೊಡೆತ ಪ್ರಯೋಗಿಸುತ್ತಿದ್ದರೆ, ಆ ಪುಸ್ತಕವನ್ನು ಕಾರಣ ಹೇಳಿ ತೆಗೆದಿಡಿರಿ. ದೊಡ್ಡವನಾದ ಮೇಲೆ ಕೊಡೋಣ. 6 ವರ್ಷದ ಮಗುವಿಗೆ ಒಗ್ಗದ್ದು 13 ವರ್ಷದವನಿಗೆ ಒಗ್ಗಬಹುದು.

ಪಾಳಿ ಮುಗಿಸಿ ದಣಿದು ಬಂದವನಿಗೆ ಇಷ್ಟಕ್ಕೆಲ್ಲ ಪುರಸೊತ್ತೆಲ್ಲಿ ಎಂಬ ಮಾತು ಸುಳ್ಳಲ್ಲ. ಆದರೆ ಇದಕ್ಕೆ ಕಾಲು ಗಂಟೆ ಸಾಕು. ಅಕ್ಷರ ಬಾರದ ಅಜ್ಜಿಯೂ ಕೇಳಬಲ್ಲಳು. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಮಗು ಕಥೆ ಹೇಳುವಾಗ ಕನ್ನಡದ ಮಾತಿಗೆ ತಡಕಾಡುತ್ತದೆ. ಆಗ ಆ ಮಾತನ್ನು ಎತ್ತಿಕೊಡಿರಿ. ಭಾಷೆ ಮನೆಯಲ್ಲಿ ಉಳಿಯುವುದು ಹೀಗೆಯೇ.

ಪುಸ್ತಕ ಹರಿಸಿಕೊಂಡ ಮಗು ಮುಂದಿನ ಪುಸ್ತಕವನ್ನು ಹಾಸಿಗೆಯಡಿ ಬಚ್ಚಿಡುತ್ತದೆ. ಅದರಲ್ಲಿ ಕಂಡ ಭಯವನ್ನೂ ಎದೆಯಲ್ಲಿಯೇ ಬಚ್ಚಿಡುತ್ತದೆ. ಪುಸ್ತಕ ಹೋದರೆ ಇನ್ನೊಂದು ಸಿಕ್ಕೀತು. ಮಗು ನಮ್ಮೊಡನೆ ಮಾತು ನಿಲ್ಲಿಸಿದರೆ ಅದನ್ನು ಯಾವ ವಾಚನಾಲಯವೂ ತಂದುಕೊಡಲಾರದು.

ಇಂದೇ ಮನೆಗೆ ಹೋಗಿ ಒಂದು ಕಥೆ ಕೇಳಿರಿ. ಮಕ್ಕಳ ಪುಸ್ತಕದ ಬಗ್ಗೆ ಸಂಶಯ ಬಂದರೆ ಅದನ್ನೂ ಮಗುವನ್ನೂ ಕೂಡಿಯೇ ಇಲ್ಲಿಗೆ ಕರೆತನ್ನಿರಿ. ಎಲ್ಲರೂ ಸೇರಿ ನೋಡೋಣ.