ಕೆಳಗಿನ ಒಲೆ ಕಿತ್ತರೆ ಮೇಲಿನ ಭಾರ ಯಾರಿಗೆ?



ಮನೆ ಕಟ್ಟುವ ಕಷ್ಟದ ಬಗ್ಗೆ ನಮ್ಮಲ್ಲಿ ಗಾದೆಯಿದೆ. ಕಟ್ಟಿದ ಮನೆಯ ಒಂದು ಭಾಗವನ್ನಷ್ಟೇ ಒಡೆಯುವ ಕಷ್ಟಕ್ಕೆ ಗಾದೆ ಇದ್ದಂತಿಲ್ಲ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲಿ, ಕೊಡಗಿನ ಕಾಫಿ ತೋಟದ ಬಂಗಲೆಗಳಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಅಗ್ಗಿಷ್ಟಿಕೆಯನ್ನೂ ಅದರ ಚಿಮಣಿಯನ್ನೂ ನೀವು ನೋಡಿರಬಹುದು. ಇಂಗ್ಲಿಷರು ತಮ್ಮ ಊರಿನ ನೆನಪಿಗೆ ಕಟ್ಟಿಕೊಂಡವು ಅವು. ಅವನ್ನು ಕೀಳುವಾಗ ಏನಾಗುತ್ತದೆ ಎಂಬುದನ್ನೂ ಆ ಊರಿನಿಂದಲೇ ಕಲಿಯಬೇಕು.

ಆ ಚಳಿಯ ದೇಶದಲ್ಲಿ ಒಲೆಯಿಲ್ಲದೆ ಬದುಕಿರಲಿಲ್ಲ. ಹಾಗಾಗಿ ಅರಸರ ಕಣ್ಣೂ ಅದರ ಮೇಲೆ ಬಿತ್ತು. 1662ರಲ್ಲಿ ಎರಡನೆಯ ಚಾರ್ಲ್ಸ್‌ನ ಕಾಲದಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ 2 ಷಿಲಿಂಗ್ ತೆರಿಗೆ ಬಂತು. ತೆರಿಗೆಯವರು ಮನೆಯೊಳಗೇ ನುಗ್ಗಿ ಒಲೆ ಎಣಿಸುತ್ತಿದ್ದರು. ಆಕ್ಸ್‌ಫರ್ಡ್‌ಶೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ 1684ರಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ತೆರಿಗೆ ತಪ್ಪಿಸಲು ಗೋಡೆ ಕೊರೆದು ಪಕ್ಕದ ಮನೆಯ ಚಿಮಣಿಗೆ ತನ್ನ ಹೊಗೆ ಬಿಟ್ಟಳಂತೆ. ಬೆಂಕಿ ಹಬ್ಬಿ 20 ಮನೆಗಳು ಸುಟ್ಟವು, ನಾಲ್ವರು ಸತ್ತರು ಎಂದು ಕಥೆ. ಆ ತೆರಿಗೆ 1689ರಲ್ಲಿ ಹೋಯಿತು, ಒಲೆ ಉಳಿಯಿತು.

ಒಲೆ ಆರಿದ್ದು ಬಹಳ ತಡವಾಗಿ. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ಐದು ದಿನ ಲಂಡನ್ನಿನ ಮೇಲೆ ಕೂತಿತು. ಸತ್ತವರು ಸುಮಾರು 4000 ಎಂಬುದು ಆಗಿನ ಲೆಕ್ಕ. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಆಮೇಲಿನ ಅಧ್ಯಯನಗಳು ಹೇಳುತ್ತವೆ. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಅನಿಲದಿಂದ ಕಾಯಿಸಿದ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡತೊಡಗಿತು. ಕೋಣೆಯೊಳಕ್ಕೆ ಒಂದೂವರೆ ಅಡಿ ಚಾಚಿಕೊಂಡಿದ್ದ ಇಟ್ಟಿಗೆಯ ಗೂಡು ಈಗ ಕಣ್ಣಿಗೆ ಅಡ್ಡಿ. ಒಡೆದರೆ ಸೋಫಾಕ್ಕೆ ಜಾಗವಾಯಿತು!

ಎಡವಟ್ಟು ಆಗುವುದು ಇಲ್ಲೇ. ನಾವು ಒಲೆ ಎಂದು ಕರೆಯುವುದು ಒಂದು ಕಂಬದ ಬುಡ. ಆ ಕಂಬ ಮೇಲಿನ ಮಲಗುವ ಕೋಣೆಯನ್ನು, ಅಟ್ಟವನ್ನು ಹಾದು ಛಾವಣಿಯಾಚೆ ಹೋಗುತ್ತದೆ. ಬುಡವನ್ನಷ್ಟೇ ಒಡೆದು ಗಿಲಾವು ಮಾಡಿದರೆ, ಒಂದು ಟನ್ನಿಗೂ ಮಿಕ್ಕ ಇಟ್ಟಿಗೆ ಮಲಗಿದವರ ತಲೆಯ ಮೇಲೆ ತೂಗುತ್ತಿರುತ್ತದೆ. ತಕ್ಷಣ ಬಿದ್ದರೆ ಮೇಸ್ತ್ರಿಗೆ ಬುದ್ಧಿ ಬಂದೀತು. ಹಳೆಯ ಗಾರೆಯ ಹಿಡಿತದಲ್ಲಿ ಅದು ವರ್ಷಗಟ್ಟಲೆ ನಿಂತುಬಿಡಬಹುದು. ಅಷ್ಟರಲ್ಲಿ ಮನೆ ಕೈಬದಲಾಗಿರುತ್ತದೆ.

ಸರಿಯಾದ ಕ್ರಮ, ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾ ಬರುವುದು. ಮೇಲಿನದು ಉಳಿಯಬೇಕೆಂದರೆ ಎಂಜಿನಿಯರರು ಲೆಕ್ಕ ಹಾಕಿದ ಉಕ್ಕಿನ ತೊಲೆ ಅದರಡಿ ಬೇಕು. ಅಲ್ಲಿ ಈ ಕೆಲಸಕ್ಕೆ ಕಟ್ಟಡ ನಿಯಮಗಳ ಒಪ್ಪಿಗೆ ಕಡ್ಡಾಯ. ಸಾಲುಮನೆಗಳ ನಡುಗೋಡೆಗೆ ಎರಡೂ ಕಡೆ ಒಲೆಗಳಿರುವುದರಿಂದ, ಅದನ್ನು ಮುಟ್ಟುವ ಮುಂಚೆ ನೆರೆಯವರಿಗೆ ಲಿಖಿತ ನೋಟಿಸು ಕೊಡಬೇಕೆಂದು 1996ರ ಕಾಯ್ದೆ ಹೇಳುತ್ತದೆ. ಪಕ್ಕದವರ ಹೊಗೆದಾರಿಗೆ ತೂತು ಬಿದ್ದರೆ ವಿಷಾನಿಲ ನಮ್ಮ ಕೋಣೆಗೇ ಬಂದೀತು.

ಒಲೆ ಕೀಳದೆ ಬಾಯಿ ಮುಚ್ಚಿಬಿಡುವುದು ನನಗೆ ಮೆಚ್ಚು. ಆದರೆ ಗಾಳಿಯಾಡಲು ಕೆಳಗೆ ಜಾಲರಿಯ ಕಿಂಡಿ, ಮಳೆ ತಡೆಯಲು ಮೇಲೊಂದು ಟೋಪಿ ಬೇಕು. ಇಲ್ಲವಾದರೆ ಒಳಗಿನ ಮಸಿ ತೇವ ಹೀರಿ ಗೋಡೆಯ ಮೇಲೆ ಕಂದು ಕಲೆಯಾಗಿ ಮೂಡುತ್ತದೆ.

ನಮ್ಮಲ್ಲೂ ಹಳೆಯ ಬಂಗಲೆ ಕೊಳ್ಳುವವರಿದ್ದೀರಿ. ಮೊದಲು ಅಂಗಳದಲ್ಲಿ ನಿಂತು ಛಾವಣಿ ನೋಡಿ. ಚಿಮಣಿ ಕಂಡರೆ ಒಳಗೆ ಹೋಗಿ ಅದರ ನೇರ ಕೆಳಗೆ ಏನಿದೆಯೆಂದು ಹುಡುಕಿ. ಬರೀ ನುಣುಪಾದ ಗೋಡೆಯಿದ್ದರೆ, ಮೇಲಿನದನ್ನು ಹೊತ್ತಿರುವುದೇನು ಎಂದು ಮಾರುವವರನ್ನು ಕೇಳಿ. ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.