ಎಡ ತಿರುವಿನಲ್ಲಿ ಕೆಮ್ಮುವ ಕಾರು

ನಿಮ್ಮ ಹವ್ಯಾಸದ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಾಗ, ಬಣಕಲ್ಲಿನವನು ತಾನೆ, ಕಾಫಿಯನ್ನೋ ಹಕ್ಕಿಗಳನ್ನೋ ಹೇಳುತ್ತಾನೆ ಅಂದುಕೊಂಡಿದ್ದರು. ನಾನು ‘ಸರ್ಜ್ ಟ್ಯಾಂಕ್’ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಟ್ಯಾಂಕಿನೊಳಗಿನ ಪಂಪು ಪೆಟ್ರೋಲ್ ಎಳೆಯುತ್ತದೆ, ಇಂಜೆಕ್ಟರು ಅದನ್ನು ಇಂಜಿನ್ನಿಗೆ ಚಿಮ್ಮಿಸುತ್ತದೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ, ಮುಂದೆ ಹೋಗೋಣ.

ನಮ್ಮ ಜಿಲ್ಲೆಗೆ ರ‍್ಯಾಲಿ ಹೊಸದಲ್ಲ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತೇ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರು ಕ್ರೀಡೆಗೆ ಸಿಕ್ಕ ಮೊದಲ ಅರ್ಜುನ. ಗಿಲ್ ಹೆಸರು ಎಲ್ಲರಿಗೂ ಗೊತ್ತು. ಭಾರತದ ರ‍್ಯಾಲಿಗಳಲ್ಲಿ ಅವರ ಪಕ್ಕ ಕೂತು ತಿರುವುಗಳನ್ನು ಓದಿ ಹೇಳಿದ ಕಾಸರಗೋಡಿನ ಮೂಸಾ ಷರೀಫ್ ಎಷ್ಟು ಜನರಿಗೆ ಗೊತ್ತು? ಬಸ್ಸಿನಲ್ಲಿ ಪೇಪರು ಓದಿದರೆ ನಮಗೆ ವಾಂತಿ ಬರುತ್ತದೆ. ಆ ಮನುಷ್ಯ ಹಾರಿ ಬೀಳುವ ಕಾರಿನಲ್ಲಿ ತಲೆ ಬಗ್ಗಿಸಿ ಓದುತ್ತಾರೆ ಸ್ವಾಮಿ! ಅವರ ಬಗ್ಗೆಯೇ ಒಂದು ಭಾಷಣ ಮಾಡಬಹುದು. ಇರಲಿ.

ನಾನು ಹೇಳಬೇಕೆಂದಿರುವುದು ನಮ್ಮೂರಿನ ಒಬ್ಬ ಮೇಸ್ತ್ರಿಯ ವಿಷಯ. ರೇಡಿಯೋದಲ್ಲಿ ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಗೆಳೆಯನೊಬ್ಬನ ಹಳೇ ಎಸ್ಟೀಮ್ ಕಾರನ್ನು ಆಟೋಕ್ರಾಸಿಗೆ, ಅಂದರೆ ಮಣ್ಣಿನ ಟ್ರ್ಯಾಕಿನ ಓಟಕ್ಕೆ, ಸಜ್ಜು ಮಾಡಿದ್ದೆವು. ನೇರಕ್ಕೆ ಹುಲಿ, ಬಲ ತಿರುವಿಗೂ ಹುಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಉದ್ದನೆಯ ಎಡ ತಿರುವು ಬಂತೋ, ಖೊಕ್ ಖೊಕ್ ಅಂತ ಮುದುಕನ ಕೆಮ್ಮು. ಪ್ಲಗ್ಗು ಬದಲಾಯಿಸಿದೆವು, ಫಿಲ್ಟರು ಬದಲಾಯಿಸಿದೆವು, ಇಂಜೆಕ್ಟರು ತೊಳೆಸಿದೆವು. ಕೆಮ್ಮು ಹೋಗಲಿಲ್ಲ.

ಮೇಸ್ತ್ರಿ ಬಾನೆಟ್ಟನ್ನೇ ತೆಗೆಯಲಿಲ್ಲ. ಅರ್ಧ ತುಂಬಿದ ನೀರಿನ ಬಾಟಲಿಯೊಂದನ್ನು ಮೊಣಕಾಲ ನಡುವೆ ಅಡ್ಡ ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ ಕೂತ. ಎರಡು ಸುತ್ತು ಬಾಟಲಿಯನ್ನೇ ನೋಡಿದ. ಇಳಿದು ಕೇಳಿದ: ‘ಮಾರ್ಚಿನಲ್ಲಿ ಕೆರೆ ತಳ ಕಂಡಾಗ ನಿಮ್ಮ ಸ್ಪ್ರಿಂಕ್ಲರ್ ಪಂಪು ಏನು ಮಾಡುತ್ತೆ?’

ಗಾಳಿ ಎಳೆಯುತ್ತೆ! ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸಿದವರಿಗೆಲ್ಲ ಆ ಸಂಕಟ ಗೊತ್ತು. ಮಳೆ ಕೈಕೊಟ್ಟಿದೆ, ಮೊಗ್ಗು ಕಾದಿದೆ, ಫುಟ್‌ವಾಲ್ವು ಬುಸ್ಸೆನ್ನುತ್ತದೆ, ತೋಟದ ಆ ತುದಿಯಲ್ಲಿ ಸ್ಪ್ರಿಂಕ್ಲರು ತಲೆ ತಗ್ಗಿಸುತ್ತದೆ. ನಮ್ಮಪ್ಪ ಒಮ್ಮೆ ರಾತ್ರಿಯಿಡೀ ಕೆರೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು... ಅದು ಬೇರೆ ಕಥೆ.

ಕಾರಿನಲ್ಲೂ ಇದೇ. ಎಡಕ್ಕೆ ತಿರುಗಿದಾಗ ಪೆಟ್ರೋಲೆಲ್ಲ ಬಲಕ್ಕೆ ಹೋಗಿ ಗೋಡೆ ಹತ್ತುತ್ತದೆ, ಎಡಗಡೆ ಇರುವ ಪಂಪಿನ ಬಾಯಿ ಒಣಗುತ್ತದೆ. ಹಿಂದಿನ ಕಾರ್ಬುರೇಟರಿಗೆ ತನ್ನದೇ ಒಂದು ಬಟ್ಟಲು ಪೆಟ್ರೋಲ್ ಇರುತ್ತಿತ್ತು, ಒಂದೆರಡು ಕ್ಷಣ ನಿಭಾಯಿಸುತ್ತಿತ್ತು. ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡ ಸತತವಾಗಿ ಬೇಕು. ಒಂದು ಗುಟುಕು ಗಾಳಿ ಹೋದರೂ ಒತ್ತಡ ಕುಸಿಯುತ್ತದೆ. ಟರ್ಬೊ ಕಾರಾದರೆ ಪಿಸ್ಟನ್ನಿಗೇ ಕುತ್ತು.

ಮೇಸ್ತ್ರಿ ಮಾಡಿದ್ದು ಕಿರಿದಾದ, ಎತ್ತರದ, 2 ಲೀಟರಿನ ಅಲ್ಯೂಮಿನಿಯಂ ಡಬ್ಬಿ. ಇದೇ ಸರ್ಜ್ ಟ್ಯಾಂಕ್. ಅದಕ್ಕೆ ನಾಲ್ಕು ಬಾಯಿ. ಟ್ಯಾಂಕಿನ ಸಣ್ಣ ಪಂಪು ಇದನ್ನು ಸದಾ ತುಂಬಿಸುತ್ತಿರುತ್ತದೆ. ತಳದ ಬಾಯಿಂದ ದೊಡ್ಡ ಪಂಪು ಇಂಜಿನ್ನಿಗೆ ಕೊಡುತ್ತದೆ. ತಿರುವಿನಲ್ಲಿ ಸಣ್ಣ ಪಂಪು ಗಾಳಿ ನುಂಗಿದರೆ ನುಂಗಲಿ. ಆ ಗಾಳಿ ನೆತ್ತಿಯ ಬಾಯಿಂದ, ತುಂಬಿ ಹೊರಬೀಳುವ ಪೆಟ್ರೋಲಿನ ಜೊತೆ ದೊಡ್ಡ ಟ್ಯಾಂಕಿಗೆ ವಾಪಸ್ಸು. ತಳದಲ್ಲಿ ಬರೀ ಪೆಟ್ರೋಲು.

ನಾಲ್ಕನೇ ಬಾಯಿಯೇ ಮುಖ್ಯ, ಮತ್ತು ನಾವು ಎಡವಿದ್ದೇ ಅಲ್ಲಿ. ಇಂಜಿನ್ನು ಕುಡಿಯದೆ ಬಿಟ್ಟ ಪೆಟ್ರೋಲನ್ನು ಜಾಣರಂತೆ ದೊಡ್ಡ ಟ್ಯಾಂಕಿಗೇ ಕಳಿಸಿದೆವು. ಎರಡು ಸುತ್ತು ಚೆನ್ನಾಗಿ ಓಡಿ ಮತ್ತೆ ಕೆಮ್ಮು! 100 ಕುದುರೆಶಕ್ತಿಯ ಇಂಜಿನ್ನು ಪೂರ್ತಿ ತುಳಿದರೂ ನಿಮಿಷಕ್ಕೆ ಕುಡಿಯುವುದು ಅರ್ಧ ಲೀಟರಿನ ಆಸುಪಾಸು. ದೊಡ್ಡ ಪಂಪು ತಳ್ಳುವುದು ಅದರ ಎಷ್ಟೋ ಪಟ್ಟು. ಸಣ್ಣ ಪಂಪು ತುಂಬಿಸುವ ವೇಗಕ್ಕಿಂತ ದೊಡ್ಡದು ಬರಿದು ಮಾಡುವ ವೇಗವೇ ಹೆಚ್ಚಾಗಿತ್ತು. ಉಳಿದ ಪೆಟ್ರೋಲು ಮರಳುವ ಪೈಪನ್ನು ಡಬ್ಬಿಯ ನಾಲ್ಕನೇ ಬಾಯಿಗೇ ತಿರುಗಿಸಿದೆವು. ಎಡ ತಿರುವು ಬಂತು, ಹೋಯಿತು, ಇಂಜಿನ್ನು ಒಂದೇ ಶ್ರುತಿ. ಮೇಸ್ತ್ರಿ ಏನೂ ಹೇಳಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಆ ನೀರನ್ನು ಕುಡಿದ.

ಸ್ಟುಡಿಯೋದ ಗಾಜಿನಾಚೆ ಎರಡು ಬೆರಳು ತೋರಿಸುತ್ತಿದ್ದಾರೆ, ಇನ್ನೆರಡೇ ನಿಮಿಷ. ಬೇಗ ಹೇಳಿಬಿಡುತ್ತೇನೆ. ದೊಡ್ಡ ಪಂಪು ಡಬ್ಬಿಯ ತಳಕ್ಕಿಂತ ಕೆಳಗಿರಲಿ, ಅದಕ್ಕೆ ತಳ್ಳಲು ಬರುತ್ತದೆ, ಎಳೆಯಲು ಅಷ್ಟಾಗಿ ಬರುವುದಿಲ್ಲ. ಪೈಪು ಇಂಜೆಕ್ಷನ್ನಿನ ಒತ್ತಡ ತಡೆಯುವಂಥದ್ದೇ ಆಗಬೇಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರನ್ನು ಹಾಳು ಮಾಡುತ್ತದೆ. ಡಬ್ಬಿಯನ್ನು ಡಿಕ್ಕಿಯಲ್ಲಿ ಕೂರಿಸಿದರೆ ಜನ ಕೂರುವ ಜಾಗಕ್ಕೂ ಅದಕ್ಕೂ ನಡುವೆ ಲೋಹದ ಗೋಡೆ ಇರಲಿ. ಇಂಜಿನ್ನು ನಿಂತರೆ ಎರಡೂ ಪಂಪು ತಾವೇ ನಿಲ್ಲಬೇಕು. ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕಬೇಕು. ಡಬ್ಬಿಗೆ ಒಮ್ಮೆ ಪೆಟ್ರೋಲ್ ಹೊಯ್ದ ಮೇಲೆ ವೆಲ್ಡಿಂಗ್ ಅಂತ ಹತ್ತಿರ ಸುಳಿಯಬೇಡಿ. ಇದು ಸ್ಪರ್ಧೆಯ ಕಾರಿಗೆ ಮಾತ್ರ. ರಸ್ತೆಯ ಕಾರನ್ನು ಹಾಗೆಲ್ಲ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ.

ಈಗ ಒಂದೇ ಬೆರಳು. ಇವತ್ತು ಕೊಟ್ಟಿಗೆಹಾರದ ಮಂಜಿನಲ್ಲಿ ಚಾರ್ಮಾಡಿ ಇಳಿಯುವವರು ದಯವಿಟ್ಟು ನನ್ನ ಮಾತು ಕೇಳಿ ಟ್ಯಾಂಕು ಬಿಚ್ಚಲು ಹೋಗಬೇಡಿ. ಸಾಕಷ್ಟು ಪೆಟ್ರೋಲು ಹಾಕಿಸಿಕೊಂಡು, ನಿಧಾನಕ್ಕೆ ಇಳಿಯಿರಿ.